ಶಾಲೆಯ ನಾಟಕವೂ ಮಕ್ಕಳ ಕನ್ನಡವೂ

ಡಿಸೆಂಬರ ತಿಂಗಳು ಬಂದಿತೆಂದರೆ ನಮ್ಮ ನಾಡಿನ ಶಾಲೆಗಳಲ್ಲಿ ವಾರ್ಷಿಕ ಸ್ನೇಹಸಮ್ಮೇಳನಗಳ ಸುಗ್ಗಿ ಮೊದಲಾಗುತ್ತದೆ. ಎರಡು ಮೂರು ವಾರ ಪಾಠಪ್ರವಚನಗಳು ಹಿಂದೆ ಬೀಳುತ್ತವೆ. ಬಾಡಿಗೆಯ ಪೋಷಾಕಿನವರೂ ಧ್ವನಿವರ್ಧಕದವರೂ ಮುಖ್ಯೋಪಾಧ್ಯಾಯರ ಕೋಣೆಯ ಮುಂದೆ ಬಂದು ನಿಲ್ಲುತ್ತಾರೆ. ಆ ದಿನ ಸಂಜೆ ಅಧ್ಯಕ್ಷರ ಭಾಷಣ, ವರದಿವಾಚನ, ಬಹುಮಾನವಿತರಣೆಗಳೆಲ್ಲ ಮುಗಿದು, ರಾತ್ರಿ ಒಂಬತ್ತರ ಹೊತ್ತಿಗೆ ಚಿಕ್ಕ ಮಕ್ಕಳು ತೂಕಡಿಸತೊಡಗಿದ ಮೇಲೆ ನಾಟಕವು ರಂಗಕ್ಕೆ ಬರುತ್ತದೆ. ಈಚಿನ ವರುಷಗಳಲ್ಲಿ ಇದಕ್ಕೊಂದು ಹೊಸ ಸೌಕರ್ಯವೂ ಒದಗಿದೆ. ನಾಟಕದ ಮಾತುಗಳನ್ನೆಲ್ಲ ಬಲ್ಲವರಾರಿಂದಲೋ ಮೊದಲೇ ಧ್ವನಿಮುದ್ರಿಸಿಟ್ಟು, ಯಂತ್ರವು ಮಾತಾಡುತ್ತಿರುವಾಗ ಮಕ್ಕಳು ತುಟಿಯಾಡಿಸಿ ಕೈ ಬೀಸಿದರೆ ಸಾಕೆಂಬ ಏರ್ಪಾಡು ಅದು. ಕಿತ್ತೂರ ಚೆನ್ನಮ್ಮನ ವೇಷ ತೊಟ್ಟ ಹುಡುಗಿಯ ಬಾಯಿ ತೆರೆಯುತ್ತದೆ. ಕೇಳಿಬರುವ ದನಿ ಬೇರೆಯವರದು. ಪಾಲಕರು ಚಪ್ಪಾಳೆ ತಟ್ಟಿ, ಚಿತ್ರ ತೆಗೆದುಕೊಂಡು, ಸಂತೋಷದಿಂದ ಮನೆಗೆ ಹೋಗುತ್ತಾರೆ.

ಈ ಸಂತೋಷದಲ್ಲಿ ನಾವು ಪಾಲುಗೊಳ್ಳಲಾರೆವು. ಶಾಲೆಯಲ್ಲಿ ನಾಟಕವು ಯಾತಕ್ಕೆ ಬೇಕು ಎಂಬ ಪ್ರಶ್ನೆಗೆ ನಮ್ಮ ಉತ್ತರವು ಒಂದೇ ಆಗಿದೆ: ಮಗುವಿನ ಬಾಯಿಗೆ ಅದರ ಸ್ವಂತ ದನಿಯನ್ನು ತಂದುಕೊಡುವುದಕ್ಕೆ. ಪುಸ್ತಕದಲ್ಲಿ ಓದಿದ ಕನ್ನಡವು ಆಡುವ ಕನ್ನಡವಾಗಿ, ನಾಲ್ಕು ಜನರೆದುರಿಗೆ ನಿಂತು ನುಡಿಯುವ ಕನ್ನಡವಾಗಿ ಮಾರ್ಪಡುವ ಸ್ಥಳವು ಶಾಲೆಯಲ್ಲಿ ಬೇರೊಂದು ಇಲ್ಲ. ಆ ಕೆಲಸವನ್ನು ಬಿಟ್ಟು ಉಳಿದುದೆಲ್ಲವನ್ನೂ, ಬಣ್ಣ, ದೀಪ, ಪರದೆ, ಬಹುಮಾನಗಳೆಲ್ಲವನ್ನೂ, ನಾವು ಅಚ್ಚುಕಟ್ಟಾಗಿ ನಡೆಸಿಕೊಂಡು ಬಂದಿದ್ದೇವೆ.

ವಿಷಯವು ಇಂದು ಇಷ್ಟು ಮಹತ್ವದ್ದಾದುದು ಏಕೆಂಬುದನ್ನು ಮೊದಲು ಹೇಳಬೇಕು. ಕನ್ನಡ ನಾಡು 1956ನೆಯ ನವೆಂಬರ 1ರಂದು ಒಂದಾಯಿತು. 1973ರಲ್ಲಿ ಅದಕ್ಕೆ ಕರ್ನಾಟಕವೆಂಬ ಹೆಸರೂ ಬಂದಿತು. ಮುಂಬಯಿ, ಮದರಾಸು, ಹೈದರಾಬಾದು, ಕೊಡಗು, ಮೈಸೂರು ಎಂದು ಹರಿದು ಹಂಚಿಹೋಗಿದ್ದವರು ಒಂದೇ ಸರಕಾರದ ಕೆಳಗೆ ಬಂದರು. ಇಷ್ಟಾದರೆ ಶಾಲೆಯಲ್ಲಿ ಕನ್ನಡವು ತಾನಾಗಿಯೇ ನೆಲೆಗೊಳ್ಳುವುದೆಂದು ಹಿರಿಯರು ನಂಬಿದ್ದರು. ಆದುದು ಬೇರೆ. ಪ್ರಾಥಮಿಕ ಶಿಕ್ಷಣವು ಮಾತೃಭಾಷೆಯಲ್ಲಿಯೇ ಆಗತಕ್ಕದ್ದೆಂಬ ಕರ್ನಾಟಕ ಸರಕಾರದ ಧೋರಣೆಯನ್ನು ಸರ್ವೋಚ್ಚ ನ್ಯಾಯಾಲಯವು 2014ರ ಮೇ ತಿಂಗಳಲ್ಲಿ ತಳ್ಳಿಹಾಕಿ, ಮಾಧ್ಯಮದ ಆಯ್ಕೆಯು ಮಗುವಿನದು, ಮಗುವಿನ ಪರವಾಗಿ ಪಾಲಕರದು ಎಂದು ತೀರ್ಪಿತ್ತಿತು. ತೀರ್ಪು ತೀರ್ಪೇ, ಅದರೊಡನೆ ಇಲ್ಲಿ ಜಗಳವಾಡುವುದಿಲ್ಲ. ಆ ಬಳಿಕ ಬಂದ 2015ರ ಕನ್ನಡ ಭಾಷಾ ಕಲಿಕಾ ಅಧಿನಿಯಮವು ರಾಜ್ಯದ ಶಾಲೆಗಳಲ್ಲೆಲ್ಲ ಕನ್ನಡವನ್ನು ಒಂದು ಭಾಷೆಯಾಗಿಯಾದರೂ ಕಲಿಸಲೇಬೇಕೆಂದು ವಿಧಿಸಿತು. ಇವೆರಡನ್ನೂ ಕೂಡಿಸಿ ನೋಡಿದರೆ ಅರ್ಥವು ಸ್ಪಷ್ಟವಿದೆ: ನಮ್ಮ ಅಸಂಖ್ಯ ಮಕ್ಕಳ ಪಾಲಿಗೆ ಶಾಲೆಯ ಕನ್ನಡವೆಂದರೆ ದಿನಕ್ಕೆ ಒಂದು ಅವಧಿ, ಮುಕ್ಕಾಲು ತಾಸು. ಆ ಮುಕ್ಕಾಲು ತಾಸಿನಲ್ಲಿ ಮಾಡುವುದೇನು? ಪ್ರಶ್ನೋತ್ತರಗಳನ್ನು ಹಲಗೆಯ ಮೇಲಿಂದ ಇಳಿಸಿಕೊಳ್ಳುವುದು, ಪದ್ಯದ ಎಂಟು ಸಾಲು ಬಾಯಿಪಾಠ ಒಪ್ಪಿಸುವುದು, ಸಂಧಿಸಮಾಸಗಳ ಹೆಸರು ಹೇಳುವುದು. ಹತ್ತು ವರುಷ ಹೀಗೆ ಕನ್ನಡ ಕಲಿತ ಹುಡುಗನನ್ನು ಸಭೆಯಲ್ಲಿ ಎಬ್ಬಿಸಿ ನಿಲ್ಲಿಸಿದರೆ ಅವನ ನಾಲಿಗೆಯಲ್ಲಿ ಒಂದು ಪೂರ್ಣವಾಕ್ಯವು ಹೊರಳುವುದಿಲ್ಲ.

ನ್ಯಾಯಾಲಯದ ಕೆಲಸದಲ್ಲಿರುವ ನಾವು ಇದನ್ನು ಬಹಳ ಸಲ ಕಂಡಿದ್ದೇವೆ. ಸಹಿ ಮಾಡಲು ಬಾರದ ಮುದುಕ ರೈತನು ಕಟಕಟೆಯಲ್ಲಿ ನಿಂತು, ತಾನು ಕಂಡುದನ್ನು ಕಂಡ ಕ್ರಮದಲ್ಲಿಯೇ, ಯಾರು ಎಲ್ಲಿ ನಿಂತಿದ್ದರು, ಯಾರು ಮೊದಲು ಕೈಯೆತ್ತಿದರು ಎಂಬುದನ್ನೆಲ್ಲ ಕಣ್ಣಿಗೆ ಕಟ್ಟುವಂತೆ ಹೇಳುತ್ತಾನೆ. ಅವನು ಬಯಲಾಟ ನೋಡಿದವನು. ಪ್ರಾಯಶಃ ಕುಣಿದವನೂ ಇರಬಹುದು. ಅವನ ಹಿಂದೆಯೇ ಬರುವ ಪದವೀಧರ ತರುಣನು ಮೂರು ಮಾತಿಗೆ ಎರಡು ಸಲ ತಡೆದು, ಅರ್ಧ ಇಂಗ್ಲಿಷು ಅರ್ಧ ಕನ್ನಡದಲ್ಲಿ ಏನೋ ಒದರಿ, ಎದುರು ವಕೀಲರ ಒಂದೇ ಪ್ರಶ್ನೆಗೆ ತಲೆ ಕೆಳಗೆ ಹಾಕುತ್ತಾನೆ. ಸತ್ಯವು ಅವನ ಬಳಿಯಲ್ಲಿಯೂ ಇದ್ದೀತು. ಅದನ್ನು ಹೊರಗೆ ತರುವ ಬಾಯಿ ಅವನಲ್ಲಿಲ್ಲ. ಗ್ರಾಮಪಂಚಾಯತಿಯ ಸಭೆ, ಸಹಕಾರಿ ಸಂಘದ ವಾರ್ಷಿಕ ಕೂಟಗಳಲ್ಲಿ ಮಾತಾಡುವವರು ಎರಡೇ ಜನ, ಉಳಿದವರೆಲ್ಲ ಕೈಯೆತ್ತುವವರು, ಎಂಬ ಸ್ಥಿತಿಗೂ ಕಾರಣವನ್ನು ನಾವು ಶಾಲೆಯಲ್ಲಿಯೇ ಹುಡುಕಬೇಕಾಗಿದೆ.

ನಾಟಕಕ್ಕೂ ಶಾಲೆಗೂ ಸಂಬಂಧ ಕಲ್ಪಿಸುವುದು ಪರದೇಶದಿಂದ ತಂದ ಹೊಸ ವಿಚಾರವೆಂದು ಕೆಲವರು ಬಗೆದಂತಿದೆ. ಅಂಥವರು ಗದಗಿನ ಕಡೆಗೆ ಒಂದು ಸಲ ನೋಡಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳಲ್ಲಿ ರಂಗಭೂಮಿಯೆಂದರೆ ಮರಾಠಿ ರಂಗಭೂಮಿಯೇ ಆಗಿತ್ತು. ಸೋಜಿಗವೆಂದರೆ ಆ ಮರಾಠಿ ರಂಗಭೂಮಿಯ ಬೇರೂ ನಮ್ಮಲ್ಲಿಯೇ ಇತ್ತು. ಉತ್ತರ ಕನ್ನಡದಿಂದ ಹೋದ ಭಾಗವತರ ಮೇಳವೊಂದರ ಆಟವನ್ನು ಕಂಡು ಮೆಚ್ಚಿದ ಸಾಂಗಲಿಯ ಅರಸರು ಅಂಥದೊಂದನ್ನು ಮರಾಠಿಯಲ್ಲಿ ಮಾಡಿಸಬೇಕೆಂದು ಬಯಸಿದುದರಿಂದಲೇ ವಿಷ್ಣುದಾಸ ಭಾವೆಯವರು 1843ರಲ್ಲಿ ಸೀತಾಸ್ವಯಂವರವನ್ನು ಆಡಿಸಿದರು. 1880ರಲ್ಲಿ ಪುಣೆಯಲ್ಲಿ ಸಂಗೀತ ಶಾಕುಂತಲವನ್ನು ರಂಗಕ್ಕೆ ತಂದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ನಮ್ಮ ನೆಲದ ಬೀಜವು ನೆರೆಯವರ ಹೊಲದಲ್ಲಿ ಬೆಳೆದು, ಕನ್ನಡಿಗರು ಕಾಸು ಕೊಟ್ಟು ಅದರ ಫಲವನ್ನು ಕೊಳ್ಳುತ್ತಿದ್ದರು.

ಇದನ್ನು ಕಂಡು ಮನನೊಂದು ಎದ್ದವರು ರಾಜರಲ್ಲ, ಜಹಗೀರದಾರರಲ್ಲ, ಒಬ್ಬ ಶಾಲಾಮಾಸ್ತರರು. ಶಾಂತಕವಿಗಳೆಂದು ಹೆಸರಾದ ಸಕ್ಕರಿ ಬಾಳಾಚಾರ್ಯರು 1870ರ ದಶಕದಲ್ಲಿ ಗದಗಿನ ವೀರನಾರಾಯಣನ ಹೆಸರಿನಲ್ಲಿ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿ, ಉಷಾಹರಣವೇ ಮೊದಲಾದ ಕನ್ನಡ ನಾಟಕಗಳನ್ನು ತಾವೇ ಬರೆದು ಆಡಿಸಿದರು. ಅದೇ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸನು ಭಾರತವನ್ನು ಹಾಡಿದನೆಂಬುದು ಪ್ರತೀತಿ. ಕನ್ನಡದ ಅಭಿಮಾನವನ್ನು ಭಾಷಣದಿಂದ ಹುಟ್ಟಿಸುವುದಕ್ಕಿಂತ ಮುಂಚೆಯೇ ಆ ಮಾಸ್ತರರು ಅದನ್ನು ಆಟದಿಂದ ಹುಟ್ಟಿಸಿದರೆಂಬುದನ್ನು ಏಕೀಕರಣದ ಚರಿತ್ರೆ ಬರೆಯುವವರು ಸಾಕಷ್ಟು ಎತ್ತಿ ಹೇಳಿಲ್ಲವೆಂದು ನಮ್ಮ ಅಭಿಪ್ರಾಯ. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಹಾಡಲಾದ ನಾಡಗೀತವನ್ನು ರಚಿಸಿದ ಹುಯಿಲಗೋಳ ನಾರಾಯಣರಾಯರೂ ಗದಗಿನ ವಕೀಲರು, ನಾಟಕಕಾರರು. ಆ ಅಧಿವೇಶನದಲ್ಲಿ ಗಾಂಧೀಜಿಯವರೆದುರಿಗೆ ಹಾಡಿದ ಬಾಲಕಿಯರಲ್ಲಿ ಒಬ್ಬಳು ಮುಂದೆ ಗಂಗೂಬಾಯಿ ಹಾನಗಲ್ಲರಾದಳು. ಹೆಣ್ಣುಮಕ್ಕಳು ರಂಗದ ಮೇಲೆ ನಿಲ್ಲಬಹುದೇ ಎಂದು ಇಂದಿಗೂ ಪಿಸುಗುಟ್ಟುವ ಪಾಲಕರಿಗೆ ಇದಕ್ಕಿಂತ ಹೆಚ್ಚಿನ ಉತ್ತರವನ್ನು ಕೊಡುವ ಅಗತ್ಯವು ನಮಗೆ ತೋರುವುದಿಲ್ಲ.

ಕರಾವಳಿಯ ಕಡೆಗೆ ಬಂದರೆ ಪಂಜೆ ಮಂಗೇಶರಾಯರು. ಶಾಲೆಗಳ ಇನ್ಸ್‌ಪೆಕ್ಟರರೆಂದರೆ ಮಾಸ್ತರರೇ ನಡುಗುತ್ತಿದ್ದ ಕಾಲದಲ್ಲಿ ಆ ಹುದ್ದೆಯಲ್ಲಿದ್ದುಕೊಂಡು ಮಕ್ಕಳಿಗಾಗಿ ಅಭಿನಯಕ್ಕೆ ಒಪ್ಪುವ ಹಾಡುಗಳನ್ನು ಕಟ್ಟಿದವರು ಅವರು. ಮಂಗಳೂರಿನಲ್ಲಿ ಉಪಾಧ್ಯಾಯರಾಗಿ, ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿ, 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿ, ನಾಡು ಒಡೆದಿದ್ದ ದಿನಗಳಲ್ಲಿಯೇ ಅವರು ಮೂರು ಸರಕಾರಗಳ ಕನ್ನಡಿಗರಿಗೆ ಸೇರಿದವರಾಗಿದ್ದರು. ಅವರ ಹಾವಿನ ಹಾಡನ್ನು ಕೈಯನ್ನು ಹೆಡೆ ಮಾಡಿ ಆಡದ ಕನ್ನಡ ಮಗುವು ಯಾವ ಜಿಲ್ಲೆಯಲ್ಲಿ ಇದ್ದೀತು? ಪುತ್ತೂರಿನಲ್ಲಿ ಶಿವರಾಮ ಕಾರಂತರು ಬಾಲವನವನ್ನು ಕಟ್ಟಿ, ಮಕ್ಕಳ ಶಿಕ್ಷಣದಲ್ಲಿ ಆಟ, ಕುಣಿತ, ನಾಟಕಗಳ ಪ್ರಯೋಗಗಳನ್ನು ನಡೆಸಿದರು. ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮನವರು 1938ರಲ್ಲಿ ಮಕ್ಕಳ ಕೂಟವನ್ನು ಸ್ಥಾಪಿಸಿದರು. ಕುವೆಂಪುರವರ ಕಿಂದರಿಜೋಗಿಯನ್ನು ಇಂದಿಗೂ ಮಕ್ಕಳು ಆಡುತ್ತಾರೆ. ಕೈಲಾಸಂರವರ ಟೊಳ್ಳುಗಟ್ಟಿಯಂತೂ ಅಂಕಗಳಿಕೆಯ ವಿದ್ಯೆಯನ್ನೇ ಹಾಸ್ಯಕ್ಕೆ ಗುರಿಮಾಡಿದ ನಾಟಕ. ಅದನ್ನು ಆಡಿದ ತಂಡಕ್ಕೂ ನಮ್ಮವರು ಅಂಕ ಹಾಕಿ ಢಾಲು ಕೊಡುತ್ತಾರೆಂಬುದನ್ನು ನೆನೆದರೆ ಕೈಲಾಸಂರವರಿಗೆ ಮತ್ತೊಂದು ನಾಟಕಕ್ಕೆ ವಸ್ತು ದೊರೆಯುತ್ತಿತ್ತು.

ಇಷ್ಟೆಲ್ಲ ಪೂರ್ವಿಕರ ಆಸ್ತಿಯಿದ್ದೂ ತರಗತಿಯೊಳಗೆ ನಡೆಯಬೇಕಾದ ಕೆಲಸವು ಹೇಗಿರಬೇಕೆಂಬುದನ್ನು ನಮ್ಮಲ್ಲಿ ಸ್ಪಷ್ಟವಾಗಿ ಹೇಳುವವರು ಕಡಿಮೆ. ಆದುದರಿಂದ ಒಂದು ಉದಾಹರಣೆಯನ್ನು ತುಸು ವಿಸ್ತಾರವಾಗಿಯೇ ಕೊಡುತ್ತೇವೆ. ಶಿಕ್ಷಕ ವಾಚಕರು ಇದನ್ನು ತಮ್ಮ ಅನುಭವದ ಒರೆಗೆ ಹಚ್ಚಿ ನೋಡಬಹುದು.

ಗೋವಿನ ಹಾಡು ಕನ್ನಡದ ಎಲ್ಲ ಮಕ್ಕಳಿಗೂ ಗೊತ್ತು. ನಲವತ್ತು ಮಕ್ಕಳ ತರಗತಿಯೊಂದರಲ್ಲಿ ಅದನ್ನು ನಾಟಕ ಮಾಡಬೇಕೆಂದಿಟ್ಟುಕೊಳ್ಳಿರಿ. ಮಾಮೂಲು ಪದ್ಧತಿಯಂತೆ, ಚೂಟಿಯಾದ ಮೂವರನ್ನು ಆರಿಸಿ ಹುಲಿ, ಹಸು, ಕರು ಎಂದು ಹೆಸರಿಟ್ಟು, ಉಳಿದ ಮೂವತ್ತೇಳು ಜನರನ್ನು ಪ್ರೇಕ್ಷಕರನ್ನಾಗಿ ಕೂಡಿಸಿದರೆ ನಾಟಕವು ಅಲ್ಲಿಗೆ ಕೆಟ್ಟಿತು. ಬಲ್ಲ ಮಾಸ್ತರರು ಮೊದಲ ವಾರದಲ್ಲಿ ಯಾರಿಗೂ ಪಾತ್ರ ಕೊಡುವುದಿಲ್ಲ. ಹಾಡನ್ನು ಎಲ್ಲರಿಂದಲೂ ಗಟ್ಟಿಯಾಗಿ ಹಾಡಿಸಿ, ಒಂದೇ ಒಂದು ಮಾತನ್ನು ಎತ್ತಿಕೊಳ್ಳುತ್ತಾರೆ: ತಾನು ತಿರುಗಿ ಬರುವೆನೆಂದು ಹಸು ಹುಲಿಗೆ ಕೊಡುವ ಮಾತು. ಅದನ್ನು ನಂಬದೆ ನಿಂತಿರುವ ಹುಲಿಯೆದುರಿಗೆ ಹೇಗೆ ಹೇಳಬೇಕು? ತಿರುಗಿ ಹೋಗುವೆನೆಂಬ ಅದೇ ಮಾತನ್ನು, ಇನ್ನೆಂದೂ ಕಾಣಲಾಗದ ಕರುವಿನೆದುರಿಗೆ ಹೇಗೆ ಹೇಳಬೇಕು? ಒಬ್ಬೊಬ್ಬ ಮಗುವೂ ಎದ್ದು ಎರಡು ಬಗೆಯಲ್ಲಿಯೂ ಹೇಳಿನೋಡಲಿ. ಕೊನೆಯ ಸಾಲಿನಲ್ಲಿ ಕುಳಿತವರಿಗೆ ಕೇಳಿಸದಿದ್ದರೆ ಅವರು ಕೈಯೆತ್ತಲಿ. ಕೂಗದೆ, ಕಿರುಚದೆ, ಉಸಿರನ್ನು ಹಿಡಿದು ಬಿಟ್ಟು, ಮಾತಿನ ಕೊನೆಯ ಅಕ್ಷರವನ್ನು ನುಂಗದೆ ಹೇಳಿದರೆ ಕೊನೆಯ ಸಾಲಿಗೂ ಕೇಳಿಸುತ್ತದೆಂಬುದು ಎರಡು ದಿನಗಳಲ್ಲಿಯೇ ಮಕ್ಕಳಿಗೆ ತಿಳಿದುಹೋಗುತ್ತದೆ. ವಾಕ್ಯದಲ್ಲಿ ಒತ್ತು ಎಲ್ಲಿ ಬಿದ್ದರೆ ಅರ್ಥವು ಎತ್ತ ಹೊರಳುತ್ತದೆಂಬ ಈ ತಿಳಿವಳಿಕೆಯನ್ನು ಯಾವ ವ್ಯಾಕರಣ ಪುಸ್ತಕವೂ ಇಷ್ಟು ಬೇಗನೆ ಕೊಡಲಾರದು.

ಎರಡನೆಯ ವಾರ ಹಿಂಡಿನ ಕೆಲಸ. ತಬ್ಬಲಿಯಾಗಲಿರುವ ಕರುವನ್ನು ಒಪ್ಪಿಸಿ ಹೋಗುವಾಗ ಉಳಿದ ಹಸುಗಳು ಏನನ್ನುತ್ತವೆ? ಇದಕ್ಕೆ ಮಾತುಗಳನ್ನು ಮಾಸ್ತರರು ಬರೆದುಕೊಡಕೂಡದು. ಮಕ್ಕಳೇ ತಮ್ಮ ತಮ್ಮ ಮನೆಯ ಕನ್ನಡದಲ್ಲಿ ಹೇಳಬೇಕು. ಆಗ ನೋಡಿರಿ, ಪುಸ್ತಕದ ಕನ್ನಡಕ್ಕೆ ಬಾಯಿ ತೆರೆಯದ ಹುಡುಗಿಯು ತನ್ನ ಅಜ್ಜಿ ಸಮಾಧಾನ ಹೇಳುವ ಧಾಟಿಯಲ್ಲಿಯೇ ಕರುವಿಗೆ ಸಮಾಧಾನ ಹೇಳತೊಡಗುತ್ತಾಳೆ. ಇನ್ನು ಹುಲಿ. ಗಟ್ಟಿಮುಟ್ಟಾದ ಹುಡುಗರೆಲ್ಲರೂ ಹುಲಿಯಾಗಲು ಮುಗಿಬೀಳುತ್ತಾರೆ, ಗರ್ಜಿಸುವುದು ಸುಲಭ. ಆದರೆ ಹಸು ನಿಜವಾಗಿಯೂ ತಿರುಗಿ ಬಂದು ಎದುರಿಗೆ ನಿಂತಾಗ ಹುಲಿಯು ಗರ್ಜಿಸುವಂತಿಲ್ಲ. ಅಲ್ಲಿ ಸುಮ್ಮನೆ ನಿಂತು ಕೇಳಬೇಕು, ನಾಚಬೇಕು. ಆ ಸುಮ್ಮನಿರುವುದು ಬಲು ಕಷ್ಟದ ಕೆಲಸವೆಂಬುದನ್ನು ಕಂಡುಕೊಂಡ ಬಳಿಕ, ತರಗತಿಯ ಮೂಲೆಯಲ್ಲಿ ಮಾತಿಲ್ಲದೆ ಕೂರುವ ಹುಡುಗನೇ ಹುಲಿಗೆ ತಕ್ಕವನೆಂದು ಮಕ್ಕಳೇ ತೀರ್ಮಾನಿಸುವ ಸಂಭವವುಂಟು. ಇಷ್ಟಕ್ಕೆ ಪರದೆ ಬೇಡ, ಬಣ್ಣ ಬೇಡ, ಹುಲಿಯ ಚರ್ಮವೂ ಬೇಡ. ಬೆಂಚುಗಳನ್ನು ಗೋಡೆಗೆ ಸರಿಸಿದರೆ ಸಾಕು.

ಇಲ್ಲಿ ಏಕೀಕರಣವಾದಿಗಳು ಗಮನಿಸತಕ್ಕ ಸಂಗತಿಯೊಂದಿದೆ. ಕಲಬುರಗಿಯ ಹುಡುಗನು ಬೆಂಗಳೂರಿಗೆ ಬಂದು ಬಾಯಿ ತೆರೆದರೆ ಅವನ ಮಾತಿಗೆ ನಗುವವರಿದ್ದಾರೆ. ಮಂಗಳೂರಿನವನ ಕನ್ನಡವನ್ನು ಪುಸ್ತಕದ ಕನ್ನಡವೆಂದು ಹಾಸ್ಯಮಾಡುವವರಿದ್ದಾರೆ. ಧಾರವಾಡದವರು ಮೈಸೂರಿನವರ ಮೃದುಮಾತನ್ನು ಅಣಕಿಸುತ್ತಾರೆ. ನಾವೂ ಈ ವಿನೋದದಿಂದ ಪೂರ್ತಿ ದೂರವಿಲ್ಲ. ಆದರೆ ಚಂದ್ರಶೇಖರ ಕಂಬಾರರ ನಾಟಕವು ರಂಗಕ್ಕೆ ಬಂದಾಗ ಬೆಂಗಳೂರಿನ ನಟನು ಬೆಳಗಾವಿ ಕಡೆಯ ಮಾತನ್ನು ಕಲಿತುಕೊಳ್ಳಲೇಬೇಕಾಗುತ್ತದೆ; ನಗುವುದನ್ನು ಬಿಟ್ಟು ಕಿವಿಗೊಡಲೇಬೇಕಾಗುತ್ತದೆ. ಶಾಲೆಯಲ್ಲಿಯೂ ಹೀಗೆಯೇ. ಕೋಲಾರದ ಮಕ್ಕಳು ಬೀದರದ ರೈತನಾಗಿ, ವಿಜಯಪುರದ ಮಕ್ಕಳು ಮಲೆನಾಡಿನ ಮುದುಕಿಯಾಗಿ ಮಾತಾಡಿದರೆ, ಭೂಪಟದಲ್ಲಿ 1956ರಲ್ಲಿಯೇ ಮುಗಿದ ಕೆಲಸವು ಕಿವಿಗಳಲ್ಲಿಯೂ ಮುಂದೆ ಸಾಗುತ್ತದೆ.

ಗಡಿಯಾಚೆಯ ಕನ್ನಡಿಗರ ವಿಷಯದಲ್ಲಂತೂ ಇದು ಇನ್ನಷ್ಟು ನಿಜ. ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿಹೋಯಿತು; ಆ ನೋವು ಇನ್ನೂ ಆರಿಲ್ಲ. ಯಕ್ಷಗಾನದ ಪ್ರಸಂಗಕರ್ತೃಗಳಲ್ಲಿ ಅಗ್ರಗಣ್ಯನಾದ ಪಾರ್ತಿಸುಬ್ಬನು ಅಲ್ಲಿಯ ಕುಂಬಳೆಯವನು. ಕೇರಳದವರು ತಮ್ಮ ರಾಜ್ಯವು ರಚನೆಯಾದ ಮರುವರುಷವೇ, 1957ರಲ್ಲಿ, ಶಾಲಾಮಕ್ಕಳ ಕಲೋತ್ಸವವನ್ನು ಆರಂಭಿಸಿದರು. ಅದರ ಸ್ಪರ್ಧೆಗಳಲ್ಲಿ ಯಕ್ಷಗಾನಕ್ಕೂ ಸ್ಥಾನವಿದೆ. ಮನೆಯಲ್ಲಿ ತುಳುವನ್ನೋ ಮಲಯಾಳವನ್ನೋ ಆಡುವ ಮಗುವು ಅರ್ಥಗಾರಿಕೆಗೆ ನಿಂತಾಗ ಇಂಗ್ಲಿಷಿನ ಒಂದು ಶಬ್ದವೂ ನುಸುಳದ ಕನ್ನಡವನ್ನು ಆಡಬೇಕಾಗುತ್ತದೆ, ಅದೂ ಬಹುಮಟ್ಟಿಗೆ ಆಗಲೇ ಹೊಳೆಯಿಸಿಕೊಂಡು. ಉಡುಪಿ ಕಡೆಯಲ್ಲಿ 1970ರ ದಶಕದಲ್ಲಿ ಹುಟ್ಟಿದ ಸಾಲಿಗ್ರಾಮದ ಮಕ್ಕಳ ಮೇಳವೂ, ಅಲ್ಲಿಯ ಪ್ರೌಢಶಾಲೆಗಳಲ್ಲಿ ನಡೆಯುವ ಯಕ್ಷಗಾನ ಶಿಕ್ಷಣವೂ ಇದೇ ಫಲವನ್ನು ಕೊಟ್ಟಿವೆ. ಕನ್ನಡವು ಮನೆಮಾತಲ್ಲದವರಿಗೂ ಕನ್ನಡವನ್ನು ಹೀಗೆ ಸಂತೋಷದಿಂದ ಕಲಿಸಬಹುದಾದರೆ, ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಕನ್ನಡ ಶಾಲೆಗಳಿಗೆ ನಾವು ವರುಷಕ್ಕೊಮ್ಮೆ ಕಳುಹಿಸುವ ಸಹಾನುಭೂತಿಯ ಠರಾವುಗಳಿಗಿಂತ ಒಬ್ಬ ನಾಟಕದ ಮಾಸ್ತರರನ್ನು ಕಳುಹಿಸುವುದು ಮೇಲಲ್ಲವೆ?

ಕೇರಳದ ಹೆಸರನ್ನೆತ್ತಿದ ಮೇಲೆ ಅಲ್ಲಿಯ ಉತ್ಸವದಲ್ಲಿ ಕಲಿಯಬಾರದ ಪಾಠವೂ ಒಂದಿದೆಯೆಂಬುದನ್ನು ಹೇಳಬೇಕು. ಸ್ಪರ್ಧೆಯ ಹುಚ್ಚು ಅಲ್ಲಿ ಎಷ್ಟಕ್ಕೇರಿತೆಂದರೆ, ಮಕ್ಕಳ ಕುಣಿತಕ್ಕೆ ಕೊಟ್ಟ ತೀರ್ಪಿನ ವಿರುದ್ಧ ಪಾಲಕರು ನ್ಯಾಯಾಲಯದ ತನಕ ಮೇಲ್ಮನವಿ ಒಯ್ದರು. ನಮ್ಮ ವೃತ್ತಿಬಾಂಧವರಿಗೆ ಇದರಿಂದ ಫೀ ದೊರೆತಿರಬಹುದು. ಮಕ್ಕಳಿಗೆ ದೊರೆತುದೇನೋ ತಿಳಿಯದು. ನಮ್ಮಲ್ಲಿಯ ಪ್ರತಿಭಾ ಕಾರಂಜಿಯೂ ಸದುದ್ದೇಶದ ಯೋಜನೆಯೇ. ಹಳ್ಳಿಯ ಮಗುವೂ ಜಿಲ್ಲೆಯ ತನಕ ಬಂದು ನಾಲ್ಕು ಜನರ ಕಣ್ಣಿಗೆ ಬೀಳುವಂತೆ ಅದು ಮಾಡಿದೆ. ಆದರೆ ಅಲ್ಲಿ ಬಹುಭಾಗವು ಒಂಟಿ ಮಗುವಿನ ಸ್ಪರ್ಧೆ: ಛದ್ಮವೇಷ, ಕಂಠಪಾಠ, ಆಶುಭಾಷಣ, ಅಣಕುದನಿ. ನಾಟಕದ ಜೀವವು ಎದುರಿನವನ ಮಾತನ್ನು ಕೇಳಿಸಿಕೊಂಡು ಅದಕ್ಕೆ ತಕ್ಕ ಮಾತನ್ನಾಡುವುದರಲ್ಲಿದೆ. ವೇಷ ಹಾಕಿಸಿ, ನಾಲ್ಕು ಸಾಲು ಒದರಿಸಿ, ಇಳಿಸಿಕೊಂಡು ಹೋಗುವುದರಿಂದ ಮಗುವು ಕಲಿಯುವುದು ತಾನೊಬ್ಬನೇ ಮೆರೆಯುವುದನ್ನು. ಆ ವಿದ್ಯೆಯಲ್ಲಿ ನಮ್ಮ ಸಾರ್ವಜನಿಕರಿಗೆ ಈಗಲೇ ಸಾಕಷ್ಟು ಪ್ರಾವೀಣ್ಯವಿದೆ.

ಪರೀಕ್ಷೆಯ ಕಾರಣದಿಂದ ವೇಳೆಯೇ ಇಲ್ಲ ಎಂಬ ಆಕ್ಷೇಪವನ್ನು ಶಿಕ್ಷಕರ ಬಾಯಿಂದ ನಾವು ಪದೇಪದೇ ಕೇಳಿದ್ದೇವೆ. ಅದು ಹುರುಳಿಲ್ಲದ ಮಾತೂ ಅಲ್ಲ. ಎಸ್.ಎಸ್.ಎಲ್.ಸಿ. ಫಲಿತಾಂಶದ ಶೇಕಡಾವಾರು ಲೆಕ್ಕದಿಂದಲೇ ಮುಖ್ಯೋಪಾಧ್ಯಾಯರ ಮಾನಮರ್ಯಾದೆಗಳನ್ನು ಅಳೆಯುವವರು ಮೇಲೆ ಕುಳಿತಿರುವಾಗ ಪಾಪ, ಅವರು ಏನು ಮಾಡಿಯಾರು? ಹಾಗೆಂದೇ ನಾವು ಹೊಸದೊಂದು ವಿಷಯವನ್ನು ಮಕ್ಕಳ ಬೆನ್ನಿಗೆ ಹೇರಿರೆಂದು ಕೇಳುವುದಿಲ್ಲ. ಈಗಿರುವ ಕನ್ನಡದ ಅವಧಿಗಳಲ್ಲಿಯೇ ವಾರಕ್ಕೊಂದನ್ನು ಇದಕ್ಕೆ ಬಿಟ್ಟುಕೊಡಿರಿ. ಪಠ್ಯದಲ್ಲಿರುವ ಗದ್ಯಪದ್ಯಗಳನ್ನೇ ಆಡಿಸಿರಿ. ರಾಘವಾಂಕನ ಹರಿಶ್ಚಂದ್ರನೂ ವಿಶ್ವಾಮಿತ್ರನೂ ಎದುರುಬದುರಾಗಿ ವಾದಿಸುವುದನ್ನು ಇಬ್ಬರು ಹುಡುಗರಿಂದ ಆಡಿಸಿದರೆ, ಆ ಪದ್ಯಗಳಿಗೆ ಅರ್ಥ ಬರೆಸುವ ಶ್ರಮವು ಅರ್ಧಕ್ಕರ್ಧ ಉಳಿಯುತ್ತದೆ. ನಾಟಕದಿಂದ ಹುಡುಗರು ಕೆಡುತ್ತಾರೆಂಬ ಹಳೆಯ ಆಕ್ಷೇಪಕ್ಕೆ ಉತ್ತರ ಬರೆದು ಕಾಗದವನ್ನು ವ್ಯಯಮಾಡುವುದಿಲ್ಲ. ಎಳೆಯ ವಯಸ್ಸಿನಲ್ಲಿ ಓಡಿಹೋಗಿ ಗುಬ್ಬಿ ಕಂಪನಿಯನ್ನು ಸೇರಿದ ಬಿ.ವಿ. ಕಾರಂತರನ್ನು ಎಂ.ಎ. ಓದಲು ಕಾಶಿಗೆ ಕಳುಹಿಸಿದವರು ನಾಟಕ ಕಂಪನಿಯ ಯಜಮಾನರಾದ ಗುಬ್ಬಿ ವೀರಣ್ಣನವರೇ.

ಇನ್ನುಳಿದುದು ಕಲಿಸುವವರೆಲ್ಲಿ ಎಂಬ ಪ್ರಶ್ನೆ. ಇದಕ್ಕೆ ಉತ್ತರವು ನಮ್ಮ ಕಣ್ಣೆದುರಿಗೇ ಇದೆ. ಸಾಗರದ ಬಳಿಯ ಹೆಗ್ಗೋಡೆಂಬ ಹಳ್ಳಿಯಲ್ಲಿ 1949ರಲ್ಲಿ ಹುಟ್ಟಿ, ಕೆ.ವಿ. ಸುಬ್ಬಣ್ಣನವರ ಕೈಯಲ್ಲಿ ಬೆಳೆದ ನೀನಾಸಂ ಸಂಸ್ಥೆಯು 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆಯಿತು. ನಾಡಿನ ಮೂಲೆಮೂಲೆಗಳಿಂದ ಬಂದ ತರುಣ ತರುಣಿಯರು ಅಲ್ಲಿ ಕಲಿತು ಊರಿಗೆ ಮರಳಿದ್ದಾರೆ. ಮೈಸೂರಿನಲ್ಲಿ 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ರಂಗಾಯಣವಾಯಿತು. ಸಾಣೇಹಳ್ಳಿಯಲ್ಲಿ ಮಠವೇ ನಾಟಕಶಾಲೆಯನ್ನು ನಡೆಸುತ್ತದೆ. ಕಾರಂತರು ರವೀಂದ್ರನಾಥರ ಗಿಳಿಯ ಕಥೆಯನ್ನು ಪಂಜರಶಾಲೆಯೆಂಬ ಮಕ್ಕಳ ನಾಟಕವಾಗಿಸಿದರು. ಗಿಳಿಗೆ ವಿದ್ಯೆ ಕಲಿಸುವ ಭರದಲ್ಲಿ ಚಿನ್ನದ ಪಂಜರವನ್ನು ಮಾಡಿಸಿ, ಕಾಗದಗಳನ್ನು ಗಂಟಲಿಗೆ ತುರುಕಿ, ಹಕ್ಕಿಯನ್ನೇ ಕೊಂದ ಪಂಡಿತರ ಕಥೆಯದು. ರವೀಂದ್ರರು ತಾವೇ ಶಾಂತಿನಿಕೇತನದ ವಿದ್ಯಾರ್ಥಿಗಳಿಗೆಂದು 1908ರಲ್ಲಿ ಶಾರದೋತ್ಸವವನ್ನು ಬರೆದು ಆಡಿಸಿದವರಾದುದರಿಂದ ಆ ಹಾಸ್ಯದ ಹಿಂದೆ ಶಾಲೆ ನಡೆಸಿದವರ ಅನುಭವವಿತ್ತು.

ಈ ಸಂಸ್ಥೆಗಳಿಂದ ಹೊರಬಂದವರ ಗತಿಯೇನು? ಈ ಶತಮಾನದ ಮೊದಲ ದಶಕದಲ್ಲಿ ಸರಕಾರದವರು ಸರಕಾರಿ ಪ್ರೌಢಶಾಲೆಗಳಿಗೆ ನಾಟಕ ಶಿಕ್ಷಕರನ್ನು ನೇಮಿಸಿದ್ದುಂಟು. ಆದರೆ ನಾಡಿನ ಶಾಲೆಗಳ ಸಂಖ್ಯೆಯನ್ನು ನೋಡಿದರೆ ಅವರು ಸಾಗರದಲ್ಲಿ ಚೆಲ್ಲಿದ ಹಿಡಿ ಸಕ್ಕರೆಯಂತಾದರು. ಉಳಿದವರಲ್ಲಿ ಅನೇಕರು ಬೇಸಿಗೆಯ ಎರಡು ತಿಂಗಳು ಪಟ್ಟಣದ ಶಿಬಿರಗಳಲ್ಲಿ, ಹಣ ತೆರಬಲ್ಲವರ ಮಕ್ಕಳಿಗೆ ಕಲಿಸಿ, ಮಿಕ್ಕ ಹತ್ತು ತಿಂಗಳು ದಾರಿ ಕಾಯುತ್ತಾರೆ. ಇತ್ತ ಕಾಗದದ ಮೇಲಿನ ಮಾತಿಗೆ ಕೊರತೆಯಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಸಂಗೀತ, ನೃತ್ಯ, ಚಿತ್ರಗಳ ಜೊತೆಗೆ ನಾಟಕವನ್ನೂ ಹತ್ತನೆಯ ತರಗತಿಯ ತನಕ ಕಲಿಸಬೇಕೆಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪಠ್ಯ, ಪಠ್ಯೇತರ ಎಂಬ ಗೋಡೆಯೇ ಇರಕೂಡದೆಂದಿತು. ಗೋಡೆಯು ಕಾಗದದಲ್ಲಿ ಬಿದ್ದಿದೆ. ವೇಳಾಪತ್ರಿಕೆಯಲ್ಲಿ ಹಾಗೆಯೇ ನಿಂತಿದೆ.

ಪ್ರತಿಯೊಂದು ಶಾಲೆಗೂ ಒಬ್ಬೊಬ್ಬ ನಾಟಕ ಶಿಕ್ಷಕರನ್ನು ಕೊಡಿರೆಂದು ಕೇಳಿದರೆ ಖಜಾನೆಯವರು ಕಿವಿ ಮುಚ್ಚಿಕೊಳ್ಳುತ್ತಾರೆಂಬುದನ್ನು ನಾವು ಬಲ್ಲೆವು. ಹೋಬಳಿಗೊಬ್ಬರಂತೆ ನೇಮಿಸಿದರೂ ಸಾಕು. ಅವರು ವಾರದಲ್ಲಿ ಒಂದೊಂದು ದಿನ ಒಂದೊಂದು ಶಾಲೆಗೆ ಹೋಗಿ, ಮಕ್ಕಳಿಗಿಂತ ಹೆಚ್ಚಾಗಿ ಕನ್ನಡದ ಮಾಸ್ತರರಿಗೆ ಕಲಿಸಿಕೊಡಲಿ. ಎರಡು ವರುಷಗಳಲ್ಲಿ ಮಾಸ್ತರರೇ ಸ್ವತಂತ್ರರಾಗುತ್ತಾರೆ. ಶಿಕ್ಷಕರ ತರಬೇತಿ ವಿದ್ಯಾಲಯಗಳಲ್ಲಿ ಒಂದು ತಿಂಗಳಾದರೂ ಈ ಅಭ್ಯಾಸವು ಕಡ್ಡಾಯವಾಗಿರಲಿ. ಧಾರವಾಡದ ತರಬೇತಿ ಶಾಲೆಯ ಮುಖ್ಯರಾಗಿ ಮರಾಠಿಯ ಹಾವಳಿಯ ನಡುವೆ ಕನ್ನಡ ಶಾಲೆಗಳನ್ನು ಎತ್ತಿ ನಿಲ್ಲಿಸಿದ ಡೆಪ್ಯುಟಿ ಚನ್ನಬಸಪ್ಪನವರು, ಶೇಕ್ಸ್‌ಪಿಯರನ ನಾಟಕವೊಂದನ್ನು ನಗ ದವರನ್ನೂ ನಗಿಸುವ ಕಥೆಯಾಗಿ ಕನ್ನಡಕ್ಕೆ ತಂದವರೂ ಹೌದು. ಮಾಸ್ತರರನ್ನು ತಯಾರಿಸುವವರಿಗೆ ನಾಟಕದ ರುಚಿಯಿರುವುದು ನಮ್ಮಲ್ಲಿ ಹೊಸ ಸಂಗತಿಯೇನೂ ಅಲ್ಲ.

ಸ್ನೇಹಸಮ್ಮೇಳನವನ್ನು ನಿಲ್ಲಿಸಿರೆಂದು ನಾವು ಹೇಳುವುದಿಲ್ಲ. ಊರವರಿಗೆ ಅದೊಂದು ಹಬ್ಬ. ಅಲ್ಲಿ ಮುದ್ರಿತ ದನಿಯನ್ನು ಮಾತ್ರ ಇಂದೇ ನಿಲ್ಲಿಸತಕ್ಕದ್ದು. ಇದಕ್ಕೆ ಸರಕಾರದ ಆಜ್ಞೆ ಬೇಕಿಲ್ಲ, ಮುಖ್ಯೋಪಾಧ್ಯಾಯರ ಒಂದು ಮಾತು ಸಾಕು. ಮಗುವು ತಡವರಿಸಲಿ, ನಡುವೆ ಮಾತು ಮರೆಯಲಿ, ಪಕ್ಕದಲ್ಲಿ ನಿಂತ ಗೆಳೆಯನು ಮೆಲ್ಲನೆ ನೆನಪಿಸಲಿ; ಕೇಳುವ ಪಾಲಕರಿಗೆ ಅಷ್ಟು ತಾಳ್ಮೆ ಇದ್ದೇ ಇದೆ. ಹೊಸ ವರುಷದ ವೇಳಾಪತ್ರಿಕೆಯನ್ನು ಶಾಲೆಗಳಲ್ಲಿ ಜೂನಿನ ಮೊದಲ ವಾರದಲ್ಲಿ ಬರೆಯುತ್ತಾರೆ. ಐದನೆಯ ತರಗತಿಯಿಂದ ಮೇಲೆ ಕನ್ನಡದ ಅವಧಿಗಳಲ್ಲೊಂದರ ಎದುರಿಗೆ ನಾಟಕವೆಂದು ಬರೆದು, ವರುಷವಿಡೀ ನಡೆಸಿ ನೋಡಿದ ಶಿಕ್ಷಕರು ತಮ್ಮ ಅನುಭವವನ್ನು, ತೊಂದರೆಗಳನ್ನೂ ಸೇರಿಸಿ, ಈ ಪತ್ರಿಕೆಗೆ ಬರೆದು ಕಳುಹಿಸಬೇಕೆಂದು ಕೋರುತ್ತೇವೆ.